ಪ್ರಧಾನಿ ಬಂದರೂ ಎದ್ದು ನಿಲ್ಲಬೇಡಿ

ದೊಡ್ಡ ರಾಜಕಾರಣಿ ಕೋರ್ಟಿಗೆ ಬರಬೇಕು ಅಂದಾಕ್ಷಣ ಭದ್ರತೆ, ಟ್ರಾಫಿಕ್, ಬಿಡುವಿಲ್ಲದ ಕೆಲಸ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ. ಸಿವಿಲ್ ಕೇಸಿನಲ್ಲಿ ಕಾನೂನೂ ಅವರ ಪರವೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್ ತೆಗೆದು ನೋಡಿ: ರಾಷ್ಟ್ರಪತಿ, ರಾಜ್ಯಪಾಲರು, ಕೇಂದ್ರ-ರಾಜ್ಯಗಳ ಮಂತ್ರಿಗಳು, ಕೊನೆಗೆ ಹಳೇ ಸಂಸ್ಥಾನಗಳ ರಾಜರಿಗೂ ಖುದ್ದು ಹಾಜರಿಯಿಂದ ವಿನಾಯಿತಿ! ಬೇಕಿದ್ದರೆ ಕಮಿಷನ್ ಮುಂದೆ ಸಾಕ್ಷ್ಯ ಹೇಳಿದರಾಯಿತು.

ಇಷ್ಟಿದ್ದೂ 1970ರಲ್ಲಿ ರಾಷ್ಟ್ರಪತಿ ವಿ.ವಿ. ಗಿರಿ ತಮ್ಮ ಚುನಾವಣೆಯ ಕೇಸಿನಲ್ಲಿ ಸುಪ್ರೀಂ ಕೋರ್ಟಿಗೆ ಸಾಕ್ಷಿಯಾಗಿ ಬಂದರು. 1975ರ ಮಾರ್ಚ್ 18ರಂದು ಇಂದಿರಾ ಗಾಂಧಿ ಅಲಹಾಬಾದ್ ಹೈಕೋರ್ಟಿಗೆ ಹೋದರು. ರಾಯ್ ಬರೇಲಿಯಲ್ಲಿ ಸೋತ ರಾಜ್ ನಾರಾಯಣ್, 1971ರ ಆ ಚುನಾವಣೆಯೇ ಅಕ್ರಮ ಅಂತ ಹಾಕಿದ್ದ ಕೇಸದು. ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಮೊದಲೇ ಹೇಳಿಬಿಟ್ಟರು, ಇಲ್ಲಿ ಎದ್ದು ನಿಲ್ಲೋದು ಜಡ್ಜ್ ಬಂದಾಗ ಮಾತ್ರ, ಸಾಕ್ಷಿ ಬಂದಾಗಲ್ಲ. ಪ್ರಧಾನಿಗೆ ಕೂರಲು ಕುರ್ಚಿ ಕೊಟ್ಟರು, ಅಷ್ಟೇ ಮರ್ಯಾದೆ.

ಶಾಂತಿಭೂಷಣ್ ಅವರ ಪಾಟೀಸವಾಲು ಶುರುವಾಯಿತು. ಇಡೀ ಕೇಸು ನೇತಾಡುತ್ತಿದ್ದದ್ದು ತಾರೀಖುಗಳ ಮೇಲೆ. ನೀವು ಅಭ್ಯರ್ಥಿಯಾದದ್ದು ಯಾವಾಗ? 1971ರ ಫೆಬ್ರುವರಿ 1 ಅನ್ನೋದು ಇಂದಿರಾ ವಾದ. ಹಾಗಾದರೆ 1970ರ ಡಿಸೆಂಬರ್ 29ರ ಪತ್ರಿಕಾಗೋಷ್ಠಿಯಲ್ಲಿ, ಕ್ಷೇತ್ರ ಬದಲಿಸ್ತೀರಂತೆ ಅಂತ ಕೇಳಿದ್ದಕ್ಕೆ ಇಲ್ಲ ಅಂದಿದ್ದೇಕೆ? ಈ ಎರಡು ತಾರೀಖುಗಳ ನಡುವೆಯೇ, ಇನ್ನೂ ಸರ್ಕಾರಿ ನೌಕರಿಯಲ್ಲಿದ್ದ ಯಶಪಾಲ್ ಕಪೂರ್ ಅವರಿಗಾಗಿ ಚುನಾವಣಾ ಕೆಲಸ ಮಾಡಿದ್ದರು ಅನ್ನೋದು ಆರೋಪ. ಸಿನ್ಹಾ ಡಿಸೆಂಬರ್ 29ನ್ನೇ ಒಪ್ಪಿದರು. ಜೂನ್ 12ರಂದು ಆಯ್ಕೆ ಅಸಿಂಧು, 6 ವರ್ಷ ಸ್ಪರ್ಧಿಸುವಂತಿಲ್ಲ.

ವಕೀಲರು ವಾದ ಮಾಡುವ ದಿನವೂ ನಾಯಕರು ಬಂದು ಕೂರಬೇಕು ಅನ್ನೋದರಲ್ಲಿ ನನಗೆ ಅರ್ಥ ಕಾಣಲ್ಲ. ಅದು ಬರೀ ಜಾತ್ರೆ. ಆದರೆ ತಾನೇ ಏನು ಮಾಡಿದೆ, ಯಾವಾಗ ಮಾಡಿದೆ ಅನ್ನೋದಕ್ಕೆ ವಕೀಲರು ಬರೆದುಕೊಟ್ಟ ಕಾಗದ ಸಾಲದು. ಒಂದು ಪ್ರಶ್ನೆಯ ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಟ್ಟಬೇಕು, ತೀರ್ಪು ಕೊಡುವವರು ಅದನ್ನು ಎದುರಿಗೇ ಕೇಳಿಸಿಕೊಳ್ಳಬೇಕು.

ಇಂದಿರಾ ಬಂದರು, ಉತ್ತರಿಸಿದರು, ಸೋತರು. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಆಗಸ್ಟ್‌ನಲ್ಲಿ ಸಂವಿಧಾನದ 39ನೇ ತಿದ್ದುಪಡಿ: ಪ್ರಧಾನಿಯ ಚುನಾವಣೆಯನ್ನು ಕೋರ್ಟು ಮುಟ್ಟುವಂತೆಯೇ ಇಲ್ಲ. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಕಲಮನ್ನು ಹೊಡೆದುಹಾಕಿತು. ಅಷ್ಟರಲ್ಲಿ ಚುನಾವಣಾ ಕಾನೂನನ್ನೇ ಹಿಂದಿನ ತಾರೀಖಿಗೂ ಅನ್ವಯವಾಗುವಂತೆ ಬದಲಿಸಿಯಾಗಿತ್ತು. ಇಂದಿರಾ ಕೇಸು ಗೆದ್ದರು.