ಸಾವಿರದ ಒಂಬೈನೂರು ರೂಪಾಯಿಯ ಡಿವಿಡಿ ಪ್ಲೇಯರ್: ಒಂದು ಮೌಲ್ಯಮಾಪನ



ಕಳೆದ ವಾರ ಅಟ್ಟವನ್ನು ಶುಚಿಗೊಳಿಸುವಾಗ ಹಳೆಯ ಪಂಚೆಯೊಂದರಲ್ಲಿ ಸುತ್ತಿಟ್ಟಿದ್ದ ನಮ್ಮ ಡಿವಿಡಿ ಪ್ಲೇಯರ್ ಕೈಗೆ ಸಿಕ್ಕಿತು. ಅದರ ಕೆಳಗೆ ನೂರು ಪುಟದ ನೋಟ್ ಪುಸ್ತಕವೊಂದಿತ್ತು. ತೆರೆದು ನೋಡಿದರೆ ನನ್ನದೇ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ, ಆ ಯಂತ್ರಕ್ಕೆ ನಾನು ಹಾಕಿದ್ದ ಅಂಕಪಟ್ಟಿ! ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲವೆಂದು ನೀವು ನಗಬಹುದು. ನಗಿರಿ. ಆದರೆ ಇತಿಹಾಸದ ಮೇಷ್ಟ್ರಾಗಿ ಹೇಳುತ್ತೇನೆ, ಶಾಸನಗಳಿಗಿರುವಂತೆ ಒಂದು ಅಗ್ಗದ ಯಂತ್ರಕ್ಕೂ ಇತಿಹಾಸವಿರುತ್ತದೆ. ಅದನ್ನು ತಿಳಿಯದೆ ನಾನು ಕೊಟ್ಟ ಅಂಕಗಳು ಎಷ್ಟು ಸರಿ, ಎಷ್ಟು ತಪ್ಪು ಎಂಬುದೇ ಈ ಲೇಖನದ ವಿಷಯ.

2005ರ ದೀಪಾವಳಿಯ ಸಮಯ. ನಿವೃತ್ತನಾಗಿ ಒಂದು ವರ್ಷವಾಗಿತ್ತು. ಬೆಂಗಳೂರಿಗೆ ಹೋಗಿದ್ದಾಗ ಮೆಜೆಸ್ಟಿಕ್ ಬಳಿಯ ಅಂಗಡಿಯೊಂದರಲ್ಲಿ, ಹೆಸರೇ ಕೇಳಿರದ ಕಂಪನಿಯ ಪ್ಲೇಯರ್ ಒಂದನ್ನು 1,900 ರೂಪಾಯಿಗೆ ಕೊಂಡೆ. ಅದೇ ತಿಂಗಳು ನನ್ನ ಹೆಂಡತಿಯ ಅಣ್ಣ, ನಮ್ಮ ಭಾವನವರು, ಹೆಸರಾಂತ ಕಂಪನಿಯ ಪ್ಲೇಯರನ್ನು 6,500 ರೂಪಾಯಿ ಕೊಟ್ಟು ತಂದರು. ನನ್ನದನ್ನು ಕೈಯಲ್ಲಿ ಹಿಡಿದು ತೂಕ ನೋಡಿ, "ಏನ್ ಮೇಷ್ಟ್ರೇ, ಒಳಗೆ ಏನಾದರೂ ಇದೆಯೋ, ಬರೀ ಡಬ್ಬವೋ?" ಎಂದರು. ಮಾತು ನಾಟಿತು. ಅಂದೇ ಎರಡೂ ಯಂತ್ರಗಳಿಗೆ ಪರೀಕ್ಷೆ ಇಡಲು ತೀರ್ಮಾನಿಸಿದೆ.

ಪರೀಕ್ಷೆಯ ವಿಚಾರಕ್ಕೆ ಮೊದಲು ಪರೀಕ್ಷಾರ್ಥಿಯ ವಂಶಾವಳಿಯನ್ನು ಸ್ವಲ್ಪ ನೋಡೋಣ. ಡಿವಿಡಿ ಹುಟ್ಟುವ ಮೊದಲೇ ಒಂದು ಜಗಳ ಹುಟ್ಟಿತ್ತು. ಸೋನಿ ಮತ್ತು ಫಿಲಿಪ್ಸ್ ಒಂದು ಕಡೆ, ತೋಷಿಬಾ, ಟೈಮ್ ವಾರ್ನರ್ ಮೊದಲಾದವರು ಇನ್ನೊಂದು ಕಡೆ, ಪರಸ್ಪರ ಹೊಂದದ ಎರಡು ಬಗೆಯ ಡಿಸ್ಕುಗಳನ್ನು ರೂಪಿಸಿದ್ದರು. ವಿಡಿಯೋ ಕ್ಯಾಸೆಟ್ಟಿನ ಕಾಲದಲ್ಲಿ ಬೀಟಾಮ್ಯಾಕ್ಸ್ ಮತ್ತು ವಿಎಚ್‌ಎಸ್ ನಡುವೆ ನಡೆದ ಕಾಳಗ ಮರುಕಳಿಸಬಾರದೆಂದು ಕಂಪ್ಯೂಟರ್ ಕಂಪನಿಗಳು ಒತ್ತಡ ತಂದ ಕಾರಣ 1995ರಲ್ಲಿ ರಾಜಿಯಾಯಿತು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ, 1997ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಪ್ಲೇಯರುಗಳು ಮಾರಾಟಕ್ಕೆ ಬಂದವು. ಇದು ಶ್ರೀಮಂತ ಮನೆತನದ ಕಥೆ. ಭಾವನವರ ಯಂತ್ರ ಈ ವಂಶದ್ದು.

ನನ್ನ ಯಂತ್ರದ ವಂಶ ಬೇರೆ. ಅದರ ಪೂರ್ವಜ ವಿಸಿಡಿ ಪ್ಲೇಯರ್. ನಮ್ಮೂರಿನ ಬಾಡಿಗೆ ಅಂಗಡಿಗಳಲ್ಲಿ ಎರಡೋ ಮೂರೋ ಡಿಸ್ಕುಗಳಲ್ಲಿ ಒಂದು ಸಿನಿಮಾ ಸಿಗುತ್ತಿದ್ದುದು ನಿಮಗೆ ನೆನಪಿರಬಹುದು. ಸಾಮಾನ್ಯ ಸಿಡಿಯಲ್ಲಿ 74 ನಿಮಿಷದ ಚಿತ್ರವನ್ನು ತುಂಬುವ ಈ ಪದ್ಧತಿ 1993ರಲ್ಲಿ ರೂಪುಗೊಂಡಿತು. ಅದೇ ವರ್ಷ ಚೀನಾದ ಅನ್ಹುಯಿ ಪ್ರಾಂತ್ಯದಲ್ಲಿ ಜಿಯಾಂಗ್ ವಾನ್‌ಮೆಂಗ್ ಎಂಬ ಎಂಜಿನಿಯರರ ವಾನ್ಯಾನ್ ಕಂಪನಿಯು ಕ್ಯಾಲಿಫೋರ್ನಿಯಾದ ಸಿ-ಕ್ಯೂಬ್ ಕಂಪನಿಯ ಚಿಪ್ ಬಳಸಿ ವಿಸಿಡಿ ಪ್ಲೇಯರ್ ತಯಾರಿಸಿತು. ಆದರೆ ಮೂಲ ವಿನ್ಯಾಸಕ್ಕೆ ಪೇಟೆಂಟ್ ಪಡೆಯಲಿಲ್ಲ. ಉಳಿದವರು ಅದನ್ನು ಬಿಚ್ಚಿ ನೋಡಿ ಕಲಿತರು. ಕೆಲವೇ ವರ್ಷಗಳಲ್ಲಿ ಚೀನಾದಲ್ಲಿ ನೂರಾರು ತಯಾರಕರು ಹುಟ್ಟಿಕೊಂಡರು. ಮೊದಲು ಮಾಡಿದವನು ಹಿಂದೆ ಬಿದ್ದ. ಇತಿಹಾಸದಲ್ಲಿ ಇಂಥದ್ದು ಹೊಸತಲ್ಲ.

ಈ ತಯಾರಕರೇ ಮುಂದೆ ಡಿವಿಡಿಗೆ ಕೈಹಾಕಿದರು. ಅಷ್ಟರಲ್ಲಿ ಪ್ಲೇಯರಿನ ಮುಖ್ಯ ಕೆಲಸವೆಲ್ಲ ಒಂದೆರಡು ಚಿಪ್‌ಗಳೊಳಗೆ ಅಡಗಿತ್ತು. ಚಿಪ್, ಲೇಸರ್ ಇರುವ ಭಾಗ, ಮೋಟರು, ವಿದ್ಯುತ್ ಪೂರೈಸುವ ಬೋರ್ಡು ಕೊಂಡು ಡಬ್ಬದಲ್ಲಿ ಜೋಡಿಸಿದರೆ ಯಂತ್ರ ಸಿದ್ಧ. ಮೂಲ ಪೇಟೆಂಟಿನ ಒಡೆಯರು ಸುಮ್ಮನಿರಲಿಲ್ಲ; 2002ರ ಹೊತ್ತಿಗೆ ಚೀನಾದ ತಯಾರಕರು ಪ್ರತಿ ಯಂತ್ರಕ್ಕೆ ಕೆಲವು ಡಾಲರ್ ರಾಜಧನ ಕೊಡಲು ಒಪ್ಪಬೇಕಾಯಿತು. ಆದರೂ ಬೆಲೆ ಇಳಿಯುವುದು ನಿಲ್ಲಲಿಲ್ಲ. 2003ರ ನವೆಂಬರಿನಲ್ಲಿ ಅಮೆರಿಕದ ವಾಲ್‌ಮಾರ್ಟ್ ಮಳಿಗೆಗಳು ಹಬ್ಬದ ರಿಯಾಯಿತಿಯಲ್ಲಿ 30 ಡಾಲರಿಗೂ ಕಡಿಮೆ ಬೆಲೆಗೆ ಪ್ಲೇಯರ್ ಮಾರಿದವು.

ಈಗ ಪರೀಕ್ಷೆಗೆ ಬರೋಣ. ನಾನು ಐದು ವಿಷಯಗಳನ್ನು ಗೊತ್ತುಪಡಿಸಿ ಒಂದೊಂದಕ್ಕೂ 20 ಅಂಕ ಇಟ್ಟಿದ್ದೆ: ಚಿತ್ರ, ಧ್ವನಿ, ಗೀರುಬಿದ್ದ ಡಿಸ್ಕನ್ನು ಓದುವ ಶಕ್ತಿ, ಹಲವು ಬಗೆಯ ಡಿಸ್ಕುಗಳನ್ನು ಒಪ್ಪಿಕೊಳ್ಳುವ ಗುಣ, ಕಟ್ಟುಮಸ್ತು ಮತ್ತು ನಿಯಂತ್ರಣ. ಡಬ್ಬದ ಮೇಲಿನ ಬರಹಕ್ಕೆ ಅಂಕವಿಲ್ಲವೆಂದು ಮೊದಲೇ ಬರೆದುಕೊಂಡಿದ್ದೆ. ಸ್ಪೀಕರ್ ಡಬ್ಬಗಳ ಮೇಲೆ ಸಾವಿರ ವ್ಯಾಟ್ ಪಿಎಂಪಿಒ ಎಂದು ಅಚ್ಚು ಹಾಕುತ್ತಿದ್ದ ಕಾಲವದು! ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಯೂ ಅಷ್ಟು ವಿದ್ಯುತ್ ಎಳೆಯುತ್ತಿರಲಿಲ್ಲ.

ಚಿತ್ರದಲ್ಲಿ ನನ್ನ ಯಂತ್ರಕ್ಕೆ 9, ಭಾವನವರದಕ್ಕೆ 16. ನನ್ನದರಲ್ಲಿ ಕತ್ತಲೆಯ ದೃಶ್ಯಗಳು ಬೂದುಬಣ್ಣಕ್ಕೆ ತಿರುಗುತ್ತಿದ್ದವು. ಕೆಂಪು ಸೀರೆಯ ಅಂಚಿನಲ್ಲಿ ಸಣ್ಣ ಅಡ್ಡಗೆರೆಗಳು ಏಳುತ್ತಿದ್ದವು. ಅಗ್ಗದ ಮಾಲು, ಇನ್ನೇನು ಎಂದುಕೊಂಡಿದ್ದೆ. ಆ ಗೆರೆಗಳ ಕಥೆ ಬಹಳ ವರ್ಷಗಳ ಮೇಲೆ ತಿಳಿಯಿತು. ಡಿವಿಡಿಯಲ್ಲಿ ಜಾಗ ಉಳಿಸಲು ನಾಲ್ಕು ಚುಕ್ಕೆಗಳಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಇಟ್ಟಿರುತ್ತಾರೆ. ಅದನ್ನು ಮತ್ತೆ ನಾಲ್ಕಕ್ಕೂ ಹಂಚುವುದು ಪ್ಲೇಯರಿನ ಚಿಪ್‌ನ ಕೆಲಸ. ಹಂಚಿಕೆಯ ಲೆಕ್ಕ ತಪ್ಪಿದರೆ ಇಂಥ ಗೆರೆಗಳೇಳುತ್ತವೆ. 2001ರಲ್ಲಿ ಅಮೆರಿಕದ ಡಾನ್ ಮುನ್ಸಿಲ್ ಮತ್ತು ಸ್ಟೇಸಿ ಸ್ಪಿಯರ್ಸ್ ಎಂಬಿಬ್ಬರು ಈ ದೋಷವನ್ನು ಕುರಿತು ವಿವರವಾಗಿ ಬರೆದರು. ಅವರು ಎತ್ತಿ ತೋರಿಸಿದ ಸಂಗತಿಯೆಂದರೆ, ಈ ದೋಷ ಬಲು ದುಬಾರಿಯಾದ ಅನೇಕ ಪ್ಲೇಯರುಗಳಲ್ಲೂ ಇತ್ತು. ದೋಷ ಚಿಪ್‌ನದು, ಬೆಲೆಯದಲ್ಲ. ಕತ್ತಲೆಯ ದೃಶ್ಯಗಳಿಗಾಗಿ ಅಂಕ ಕಳೆದದ್ದು ನ್ಯಾಯವೇ; ಆದರೆ ಗೆರೆಗಳನ್ನು ಅಗ್ಗದ ಲೆಕ್ಕಕ್ಕೆ ಬರೆದದ್ದು ನನ್ನ ತಪ್ಪು.

ಧ್ವನಿಯಲ್ಲಿ 11 ಮತ್ತು 15. ಅದರ ವಿವರ ಬೇಡ. ನನ್ನ ಕಿವಿಯೂ ಆಗಲೇ ನಿವೃತ್ತಿಯ ಅಂಚಿನಲ್ಲಿತ್ತು.

ಹಲವು ಬಗೆಯ ಡಿಸ್ಕುಗಳನ್ನು ಒಪ್ಪಿಕೊಳ್ಳುವ ಗುಣದಲ್ಲಿ ಮಾತ್ರ ನನ್ನದು 19, ಭಾವನವರದು 6! ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗ, ಮಾವನಿಗೆ ಇತಿಹಾಸ ಇಷ್ಟವೆಂದು, ಅಟೆನ್‌ಬರೋ ಅವರ 'ಗಾಂಧಿ' ಚಿತ್ರದ ಡಿವಿಡಿ ಕಳಿಸಿದ್ದ. ಸಿನಿಮಾ ಕಂಪನಿಗಳು ಲೋಕವನ್ನು ವಲಯಗಳಾಗಿ ಹಂಚಿಕೊಂಡಿದ್ದವು. ಅಮೆರಿಕ 1ನೆಯ ವಲಯ, ಭಾರತ 5ನೆಯದು. ಒಂದು ವಲಯದ ಡಿಸ್ಕ್ ಇನ್ನೊಂದರ ಯಂತ್ರದಲ್ಲಿ ಓಡಕೂಡದು. ಗಾಂಧಿಯವರ ಚಿತ್ರಕ್ಕೆ ಗಾಂಧಿಯವರ ದೇಶದಲ್ಲಿ ಭಾವನವರ ಯಂತ್ರ ಅನುಮತಿ ನಿರಾಕರಿಸಿತು. ನನ್ನದು ಎರಡನೆಯ ಮಾತಿಲ್ಲದೆ ಓಡಿಸಿತು. ಅಮೆರಿಕದ ಪದ್ಧತಿಯನ್ನು ನಮ್ಮ ಟೀವಿಗೆ ಹೊಂದಿಸುವಾಗ ರೈಲು ಸ್ವಲ್ಪ ಕುಕ್ಕುತ್ತಾ ಸಾಗಿತು, ಅಷ್ಟೇ. ಈ ಧಾರಾಳಕ್ಕೂ ಹಿನ್ನೆಲೆಯಿದೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಏಪೆಕ್ಸ್ ಎಡಿ-600ಎ ಎಂಬ ಚೀನಾ ತಯಾರಿಕೆಯ ಪ್ಲೇಯರ್ 179 ಡಾಲರಿಗೆ ಬಂದಿತ್ತು. ಅದರೊಳಗಿನ ಗುಪ್ತ ಪಟ್ಟಿಯೊಂದರಿಂದ ವಲಯದ ಬೀಗವನ್ನೇ ತೆಗೆಯಬಹುದಿತ್ತು. ಸುದ್ದಿ ಹರಡಿ ಯಂತ್ರಕ್ಕೆ ಜನ ಮುಗಿಬಿದ್ದರು. ಕಂಪನಿ ಮುಂದೆ ಆ ಪಟ್ಟಿಯನ್ನು ತೆಗೆದುಹಾಕಿತು.

ಇನ್ನು ಗೀರುಬಿದ್ದ ಡಿಸ್ಕನ್ನು ಓದುವ ಶಕ್ತಿ. ನನ್ನದು 18, ಭಾವನವರದು 10. ಡಿವಿಡಿಯ ಮೇಲೆ ಸುರುಳಿಯಾಗಿ ಸಾಗುವ ಗೆರೆಗಳ ನಡುವಿನ ಅಂತರ 0.74 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 1,350 ಗೆರೆಗಳು. ಒಂದು ಕೂದಲೆಳೆಯಷ್ಟು ಗೀರಾದರೂ ಎಷ್ಟೋ ಗೆರೆಗಳ ಮೇಲೆ ಹಾಯುತ್ತದೆ. ಆದರೂ ಚಿತ್ರ ಓಡುವುದು ಹೇಗೆ? ಮಾಹಿತಿಯ ಜೊತೆಗೆ ತಾಳೆ ನೋಡುವ ಅಂಕಿಗಳನ್ನೂ ಬರೆದಿರುತ್ತಾರೆ. ಅಡ್ಡಸಾಲು, ಕಂಬಸಾಲುಗಳ ಮೊತ್ತ ಕೊಟ್ಟರೆ ಅಳಿಸಿಹೋದ ಅಂಕಿಯನ್ನು ನೀವು ಲೆಕ್ಕದಿಂದ ಕಂಡುಹಿಡಿಯುವುದಿಲ್ಲವೇ, ಹಾಗೆ. ಈ ವ್ಯವಸ್ಥೆ ಎಲ್ಲ ಯಂತ್ರಗಳಿಗೂ ಒಂದೇ. ವ್ಯತ್ಯಾಸವಿರುವುದು ಲೇಸರ್ ದಾರಿ ತಪ್ಪಿದಾಗ ಮತ್ತೆ ಎಷ್ಟು ಸಲ ಹುಡುಕುತ್ತದೆ, ಎಷ್ಟು ಬೇಗ ಕೈಚೆಲ್ಲುತ್ತದೆ ಎಂಬುದರಲ್ಲಿ. ಚೀನಾದ ಮಾರುಕಟ್ಟೆಯಲ್ಲಿ ಕಳ್ಳಮುದ್ರಣದ, ಹತ್ತು ಕೈ ದಾಟಿದ ಡಿಸ್ಕುಗಳೇ ತುಂಬಿದ್ದವು. ಅಲ್ಲಿನ ತಯಾರಕರು "ದೋಷ ತಿದ್ದುವ ಅಪಾರ ಶಕ್ತಿ" ಎಂದೇ ಜಾಹೀರಾತು ಹಾಕಿ ಪೈಪೋಟಿ ನಡೆಸುತ್ತಿದ್ದರು. ನನ್ನ ಯಂತ್ರ ಬಡವರ ಡಿಸ್ಕುಗಳ ನಡುವೆ ಬೆಳೆದದ್ದು; ಹರಿದ ಪುಸ್ತಕದಲ್ಲೇ ಓದಿ ಕಲಿತದ್ದು.

ಕೊನೆಯದು ಕಟ್ಟುಮಸ್ತು ಮತ್ತು ನಿಯಂತ್ರಣ: ನನ್ನದು 6, ಭಾವನವರದು 17. ಕೆಂಪು ಶಾಯಿಯ ಷರಾ ಹೀಗಿದೆ: "ರಿಮೋಟ್ ಕಳಪೆ. ಪಾಸ್ ಒತ್ತಿದರೆ ಚಿತ್ರ ನಡುಗುತ್ತದೆ." ಒಟ್ಟು ಮೊತ್ತ ನನ್ನದು 63, ಭಾವನವರದು 64. ಎರಡೂ ಪ್ರಥಮ ದರ್ಜೆ! ಭಾವನವರು ಒಂದು ಅಂಕದಿಂದ ಗೆದ್ದೆನೆಂದು ಹೋಳಿಗೆ ಊಟ ಹಾಕಿಸಿದರು.

ಪುಸ್ತಕದಲ್ಲಿ ಬರೆಯದ ಒಂದು ಸಂಗತಿ ಇದೆ. 1991ರ ಶಾಲಾ ವಾರ್ಷಿಕೋತ್ಸವದಲ್ಲಿ ನಾನು ಬರೆದ ಸಂಗೊಳ್ಳಿ ರಾಯಣ್ಣನ ನಾಟಕ ಆಡಿದ್ದು ಆ ತಂಡದವರಿಗೆ ನೆನಪಿರಬೇಕು. ಮದುವೆ ವಿಡಿಯೋ ಮಾಡುವವರೊಬ್ಬರು ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. 2006ರಲ್ಲಿ ಅದನ್ನು ಡಿವಿಡಿಗೆ ಹಾಕಿಸಿ ಕೆಲವರಿಗೆ ಹಂಚಿದೆ. ರಾಯಣ್ಣನ ಪಾತ್ರ ಮಾಡಿದ ಹುಡುಗ ಯಾರೆಂದು ನಿಮಗೆ ಗೊತ್ತು. 1998ರಲ್ಲಿ ರಸ್ತೆ ಅಪಘಾತದಲ್ಲಿ ಅವನು ಹೋದ. ಅವನ ತಾಯಿಗೂ ಒಂದು ಪ್ರತಿ ಕೊಟ್ಟಿದ್ದೆ.

2007ರ ಒಂದು ಮಧ್ಯಾಹ್ನ ಆಕೆ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಮೊಮ್ಮಕ್ಕಳ ಕೈಗೆ ಸಿಕ್ಕಿ ಅದರ ತುಂಬ ಗೀರು. ಮೈದುನನ ಮನೆಯ ಪ್ಲೇಯರಿನಲ್ಲಿ "ನೋ ಡಿಸ್ಕ್" ಬಂತಂತೆ. ನನ್ನ ಬಳಿಯಿದ್ದ ಪ್ರತಿ ಯಾರೋ ಒಯ್ದು ಹಿಂದಿರುಗಿರಲಿಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ನಂಬಿಕೆಯಿಲ್ಲದೆಯೇ ಡಿಸ್ಕನ್ನು ಹಾಕಿದೆ. ಅರ್ಧ ನಿಮಿಷ ಯಂತ್ರ ಗರಗರ ಸದ್ದು ಮಾಡಿತು. ಆಮೇಲೆ ನಮ್ಮ ಶಾಲೆಯ ಪರದೆ ಮೂಡಿತು. ಎರಡು ಕಡೆ ಚಿತ್ರ ಚೌಕಚೌಕವಾಗಿ ಒಡೆಯಿತು, ಮತ್ತೆ ಕೂಡಿಕೊಂಡಿತು. ಹುಡುಗ ರಂಗಕ್ಕೆ ಬಂದ. "ಇಲ್ಲಿ ಸ್ವಲ್ಪ ನಿಲ್ಲಿಸ್ತೀರಾ ಮೇಷ್ಟ್ರೇ?" ಎಂದರು. ಪಾಸ್ ಒತ್ತಿದೆ. ಚಿತ್ರ ಎಂದಿನಂತೆ ನಡುಗತೊಡಗಿತು. ನನಗೆ ಸಂಕೋಚವಾಗಿ, "ಅಗ್ಗದ್ದು ತಾಯಿ, ನೆಟ್ಟಗೆ ನಿಲ್ಲೋದಿಲ್ಲ" ಎಂದೆ. ಆಕೆ ಪರದೆಯಿಂದ ಕಣ್ಣು ತೆಗೆಯದೆ, "ಅವನೂ ಅಷ್ಟೇ, ಒಂದ್ ಕಡೆ ನಿಂತೋನೇ ಅಲ್ಲ" ಎಂದರು.

ಅಂದು ಸಂಜೆ ಆ ಅಂಕಪಟ್ಟಿಯನ್ನು ತಿದ್ದಬೇಕೆಂದು ಪೆನ್ನು ಹಿಡಿದೆ, ತಿದ್ದಲಿಲ್ಲ. ಚಿತ್ರ ನಡುಗಿದ್ದು ನಿಜ, ಅಂಕ ಕಳೆದದ್ದೂ ನಿಜ. ತಪ್ಪಿದ್ದು ಮೊತ್ತ ಹಾಕಿದ್ದರಲ್ಲಿ. 63 ಮತ್ತು 64 ಎಂಬ ಎರಡು ಸಂಖ್ಯೆಗಳು, ಎರಡು ಯಂತ್ರಗಳು ಹುಟ್ಟಿ ಬೆಳೆದ ಎರಡು ಲೋಕಗಳನ್ನು ಮುಚ್ಚಿಹಾಕಿದ್ದವು. ಒಂದನ್ನು ಹೊಸ ಡಿಸ್ಕಿಗಾಗಿ ಮಾಡಿದ್ದರು, ಇನ್ನೊಂದನ್ನು ನಮ್ಮಂಥವರ ಮನೆಯ ಡಿಸ್ಕಿಗಾಗಿ. ನಿಮ್ಮ ಅಂಕಪಟ್ಟಿಗಳಲ್ಲೂ ನಾನು ಹೀಗೆ ಬರೀ ಮೊತ್ತ ನೋಡಿದ ದಿನಗಳಿದ್ದವು. ಅದಕ್ಕೆ ಇಲ್ಲಿ ಕ್ಷಮೆ ಕೇಳುತ್ತೇನೆ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕೆಟ್ಟ ಡಿಸ್ಕನ್ನು ಓದಿಸಲು ಕೆಲವು ತಯಾರಕರು ಲೇಸರಿನ ಶಕ್ತಿಯನ್ನು ಹೆಚ್ಚಿಸುತ್ತಿದ್ದರು. ಅದರಿಂದ ಲೇಸರಿನ ಆಯುಸ್ಸು ಕುಗ್ಗುತ್ತಿತ್ತು. ನನ್ನದು 2010ರಲ್ಲಿ ತಡವರಿಸತೊಡಗಿತು. "ಲೆನ್ಸ್ ವೀಕ್ ಆಗಿದೆ ಸಾರ್" ಎಂದು ರಿಪೇರಿಯವನು 350 ರೂಪಾಯಿಗೆ ಹೊಸದನ್ನು ಹಾಕಿದ. 2012ರಲ್ಲಿ ಪೂರ್ತಿ ನಿಂತಿತು. ಭಾವನವರದು ಇಂದಿಗೂ ಓಡುತ್ತದೆ. ಬಾಳಿಕೆಯೆಂಬ ಆರನೆಯ ವಿಷಯವನ್ನು ಪರೀಕ್ಷೆಯಲ್ಲಿ ಇಡಲು ಮರೆತಿದ್ದೆ. ಇಟ್ಟಿದ್ದರೆ ಅವರೇ ಗೆಲ್ಲುತ್ತಿದ್ದರು.

ಆ ಯುಗವೂ ಮುಗಿಯಿತು. 2007ರ ಸುಮಾರಿಗೆ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಕೊಟ್ಟಾಗ ಊರೂರಲ್ಲೂ ಕನ್ನಡ ಚಿತ್ರಗಳ ಡಿಸ್ಕು ಸಿಕ್ಕವು. 2018ರಲ್ಲಿ ಆ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಇಂದು ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಅಪರೂಪ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಮನೆಯಲ್ಲಿ ಸುಟ್ಟ, ಅಂದರೆ ಕಂಪ್ಯೂಟರಿನಲ್ಲೋ ಸ್ಟುಡಿಯೋದಲ್ಲೋ ಬರೆಸಿದ, ಡಿಸ್ಕುಗಳಲ್ಲಿ ಮಾಹಿತಿ ಇರುವುದು ಬಣ್ಣದ ಒಂದು ತೆಳುಪದರದಲ್ಲಿ. ಬಿಸಿಲು, ತೇವಗಳಿಗೆ ಅದು ಹಾಳಾಗುತ್ತದೆ. ಮದುವೆಯದೋ ನಾಮಕರಣದ್ದೋ ಬೀರುವಿನಲ್ಲಿದ್ದರೆ ಈ ತಿಂಗಳೇ ತೆಗೆದು ಪ್ರತಿ ಮಾಡಿಸಿಕೊಳ್ಳಿ. ರಾಯಣ್ಣನ ನಾಟಕವನ್ನು ನನ್ನ ಯಂತ್ರ ನಿಲ್ಲುವ ಮೊದಲೇ ಹಳೆಯ ವಿದ್ಯಾರ್ಥಿಯೊಬ್ಬರು ಅದರಿಂದಲೇ ಕಂಪ್ಯೂಟರಿಗೆ ಇಳಿಸಿಕೊಟ್ಟರು. ಆ ತಾಯಿಯ ಮೊಮ್ಮಗನ ಫೋನಿನಲ್ಲಿ ಈಗ ಅದಿದೆ. 1991ರ ತಂಡದವರಿಗೆ ಬೇಕಾದಲ್ಲಿ ತಿಳಿಸಿ, ಕಳಿಸುತ್ತೇನೆ. ಎರಡು ಕಡೆ ಚಿತ್ರ ಒಡೆಯುತ್ತದೆ; ಸಹಿಸಿಕೊಳ್ಳಿ.

ನಿಮ್ಮೆಲ್ಲರ ಕ್ಷೇಮ ಬಯಸುವ,
ನಿಮ್ಮ ಹಳೆಯ ಮೇಷ್ಟ್ರು