ಬೆಂಕಿಪೊಟ್ಟಣದ ಎರಡು ಬದಿ

‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತನ್ನು ನಾವು ಇಂದು ಅದುಮಿಟ್ಟ ಸಿಟ್ಟಿಗೆ, ಒಳಗೊಳಗೇ ಹೊಗೆಯಾಡುವ ಜಗಳಕ್ಕೆ ಬಳಸುತ್ತೇವೆ. ಹಿಂದೆ ಅದು ಅಡಿಗೆಮನೆಯ ನಿತ್ಯದ ಕೆಲಸವಾಗಿತ್ತು. ರಾತ್ರಿ ಊಟ ಮುಗಿದ ಮೇಲೆ ಒಲೆಯಲ್ಲಿ ಉಳಿದ ಕೆಂಡವನ್ನು ಬೂದಿಯಿಂದ ಮುಚ್ಚಿಟ್ಟರೆ ಬೆಳಗ್ಗೆ ಊದಿ ಮತ್ತೆ ಉರಿ ಎಬ್ಬಿಸಬಹುದಿತ್ತು. ಕೆಂಡ ಆರಿಹೋಗಿದ್ದರೆ ಬೆರಣಿಯ ಚೂರನ್ನೋ ತೆಂಗಿನ ನಾರನ್ನೋ ಹಿಡಿದು ನೆರೆಮನೆಗೆ ಹೋಗಬೇಕು. ಅಲ್ಲಿಯೂ ಇಲ್ಲದಿದ್ದರೆ ಚಕಮಕಿ ಕಲ್ಲು, ಉಕ್ಕಿನ ತುಂಡು, ಒಣಗಿದ ಅರಳೆ ಮತ್ತು ಸಾಕಷ್ಟು ತಾಳ್ಮೆ ಬೇಕು. ಬೆಂಕಿಯನ್ನು ಮನುಷ್ಯ ಪಳಗಿಸಿ ಲಕ್ಷಾಂತರ ವರ್ಷಗಳಾದವು ಎನ್ನುತ್ತಾರೆ. ಆದರೆ ಬೇಕೆಂದಾಗ, ಬೇಕಾದಲ್ಲಿ, ಒಂದೇ ಕ್ಷಣದಲ್ಲಿ ಅದನ್ನು ಹುಟ್ಟಿಸುವ ಅನುಕೂಲ ಬಂದು ಇನ್ನೂ ಇನ್ನೂರು ವರ್ಷಗಳು ತುಂಬಿಲ್ಲ.

ಆವಿಯಂತ್ರ, ವಿದ್ಯುತ್ತು, ದೂರವಾಣಿಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬೆಂಕಿಕಡ್ಡಿ ಅಷ್ಟೇ ದೊಡ್ಡ ಬದಲಾವಣೆಯನ್ನು ಮನೆಮನೆಗೆ ತಂದರೂ ಅದರ ಚರಿತ್ರೆಗೆ ಆ ಘನತೆ ಸಿಕ್ಕಿಲ್ಲ. ಅಗ್ಗದ ವಸ್ತುವಿಗೆ ಚರಿತ್ರೆ ಇರುವುದಿಲ್ಲ ಎಂದು ನಾವು ಭಾವಿಸಿರುವುದು ಒಂದು ಕಾರಣವಿರಬಹುದು. ಅದು ಅಷ್ಟು ಅಗ್ಗವಾದದ್ದು ಹೇಗೆ ಎಂಬ ಪ್ರಶ್ನೆ ಅಷ್ಟು ಹಿತಕರವಲ್ಲ ಎಂಬುದು ಇನ್ನೊಂದು.

ಕಥೆ ಹ್ಯಾಂಬರ್ಗ್ ನಗರದಲ್ಲಿ, ಒಂದು ದುರ್ನಾತದ ಪ್ರಯೋಗದಿಂದ ಆರಂಭವಾಗುತ್ತದೆ. 1669ರಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿ ಚಿನ್ನದ ಆಸೆಯಿಂದ ಮನುಷ್ಯಮೂತ್ರವನ್ನು ಕುದಿಸಿ, ಇಂಗಿಸಿ, ಕಾಯಿಸಿ ನೋಡಿದ. ಚಿನ್ನ ಸಿಗಲಿಲ್ಲ, ಕತ್ತಲಲ್ಲಿ ಮಿನುಗುವ ಮೇಣದಂಥ ವಸ್ತುವೊಂದು ಸಿಕ್ಕಿತು. ಅದೇ ಫಾಸ್ಫರಸ್, ನಮ್ಮ ಪಠ್ಯಪುಸ್ತಕಗಳ ರಂಜಕ. ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳುವ ಈ ಬಿಳಿ ರಂಜಕವನ್ನು ಮನೆಬಳಕೆಗೆ ಒಗ್ಗಿಸುವುದು ಸುಲಭವಾಗಿರಲಿಲ್ಲ. 1805ರಲ್ಲಿ ಪ್ಯಾರಿಸ್ಸಿನ ಜಾನ್ ಶಾನ್ಸೆಲ್ ಬೇರೆಯೇ ದಾರಿ ಹಿಡಿದ. ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಸಕ್ಕರೆ ಹಚ್ಚಿದ ಕಡ್ಡಿಯನ್ನು ಗಂಧಕಾಮ್ಲದ ಸೀಸೆಯಲ್ಲಿ ಅದ್ದಿ ತೆಗೆದರೆ ಉರಿ ಬರುತ್ತಿತ್ತು. ಜೇಬಿನಲ್ಲಿ ಆಮ್ಲದ ಸೀಸೆ ಇಟ್ಟುಕೊಂಡು ತಿರುಗುವ ಧೈರ್ಯ ಎಷ್ಟು ಜನಕ್ಕಿರುತ್ತದೆ?

ಉಜ್ಜಿದರೆ ಹೊತ್ತುವ ಕಡ್ಡಿಯ ಶ್ರೇಯಸ್ಸು ಇಂಗ್ಲೆಂಡಿನ ಸ್ಟಾಕ್ಟನ್-ಆನ್-ಟೀಸ್ ಊರಿನ ಔಷಧಿ ವ್ಯಾಪಾರಿ ಜಾನ್ ವಾಕರನಿಗೆ ಸಲ್ಲುತ್ತದೆ. ಆಂಟಿಮನಿ ಸಲ್ಫೈಡ್, ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಗೋಂದುಗಳನ್ನು ಕಲಸಿದ ಕಡ್ಡಿ ಒಲೆಯ ಕಲ್ಲಿಗೆ ಉಜ್ಜಿ ಹೊತ್ತಿಕೊಂಡಿತು ಎಂಬ ಕಥೆಯಿದೆ. ಕಥೆ ಹೇಗಾದರೂ ಇರಲಿ, ಅವನ ಲೆಕ್ಕದ ಪುಸ್ತಕದಲ್ಲಿ ಮೊದಲ ಮಾರಾಟ 1827ರ ಏಪ್ರಿಲ್ 7ರಂದು ದಾಖಲಾಗಿದೆ. ನೂರು ಕಡ್ಡಿಗೆ ಒಂದು ಶಿಲ್ಲಿಂಗ್, ತಗಡಿನ ಡಬ್ಬಿಗೆ ಬೇರೆ ಎರಡು ಪೆನ್ಸ್. ಮಡಚಿದ ಮರಳುಕಾಗದದ ನಡುವೆ ಕಡ್ಡಿಯನ್ನಿಟ್ಟು ಸರ್ರನೆ ಎಳೆಯಬೇಕಿತ್ತು. ವಾಕರ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಲಂಡನ್ನಿನಲ್ಲಿ ಸ್ಯಾಮ್ಯುಯಲ್ ಜೋನ್ಸ್ ಅದನ್ನೇ ನಕಲು ಮಾಡಿ ‘ಲೂಸಿಫರ್’ ಎಂಬ ಹೆಸರಿಟ್ಟು ಮಾರಿದ.

ವಾಕರನ ಕಡ್ಡಿ ಒಮ್ಮೆ ಹೊತ್ತುತ್ತಿತ್ತು, ಒಮ್ಮೆ ಇಲ್ಲ. ಹೊತ್ತಿದರೆ ಕಿಡಿಗಳು ಸಿಡಿಯುತ್ತಿದ್ದವು. 1830ರ ಸುಮಾರಿಗೆ ಫ್ರಾನ್ಸಿನ ಶಾರ್ಲ್ ಸೋರಿಯಾ ಮಿಶ್ರಣಕ್ಕೆ ಬಿಳಿ ರಂಜಕವನ್ನು ಸೇರಿಸಿದ. ಕಷ್ಟವೆಲ್ಲ ಕಳೆಯಿತು. ಗೋಡೆಗೆ, ಬೂಟಿಗೆ, ಎಲ್ಲಿಗೆ ಉಜ್ಜಿದರೂ ಈ ಕಡ್ಡಿ ಹೊತ್ತಿಕೊಳ್ಳುತ್ತಿತ್ತು. ಯುರೋಪಿನಲ್ಲೆಲ್ಲ ಕಾರ್ಖಾನೆಗಳು ಎದ್ದವು. ಬೆಂಕಿ ಬಡವರ ಕೈಗೂ ಎಟುಕಿತು.

ಈ ಗೆಲುವಿನ ಲೆಕ್ಕವನ್ನು ತೆತ್ತವರು ಬೇರೆಯವರು. 1845ರಲ್ಲಿ ವಿಯೆನ್ನಾದ ವೈದ್ಯ ಲೊರಿನ್ಸರ್ ಬೆಂಕಿಕಡ್ಡಿ ಕಾರ್ಖಾನೆಯ ಕೆಲಸಗಾರರಲ್ಲಿ ಕಂಡ ಹೊಸ ರೋಗವೊಂದನ್ನು ವರದಿ ಮಾಡಿದ. ಮೊದಲು ಹಲ್ಲುನೋವು, ಆಮೇಲೆ ವಸಡಿನ ಬಾವು, ಕೀವು. ಕೊನೆಗೆ ದವಡೆಯ ಮೂಳೆಯೇ ಕೊಳೆತು ತುಂಡುತುಂಡಾಗಿ ಉದುರುತ್ತಿತ್ತು. ರಂಜಕದ ಹಬೆ ದಿನವಿಡೀ ಉಸಿರಿನಲ್ಲಿ ಸೇರುತ್ತಿದ್ದುದೇ ಇದಕ್ಕೆ ಕಾರಣ. ದವಡೆಯನ್ನು ಕತ್ತರಿಸಿ ತೆಗೆಯುವುದೊಂದೇ ಚಿಕಿತ್ಸೆ. ಕೆಲಸದ ಮೇಜಿನ ಬಳಿಯೇ ಕೂತು ರೊಟ್ಟಿ ತಿನ್ನುತ್ತಿದ್ದ ಹೆಣ್ಣುಮಕ್ಕಳಿಗೆ ವಿಷ ಊಟದೊಂದಿಗೂ ಒಳಗೆ ಹೋಗುತ್ತಿತ್ತು. ಅದೇ 1845ರ ಕೊನೆಯಲ್ಲಿ ಡೆನ್ಮಾರ್ಕಿನ ಆಂಡರ್ಸನ್ ಬೆಂಕಿಕಡ್ಡಿ ಮಾರುವ ಪುಟ್ಟ ಹುಡುಗಿಯ ಕಥೆಯನ್ನು ಪ್ರಕಟಿಸಿದ. ಚಳಿಯಲ್ಲಿ ಸಾಯುವ ಆ ಹುಡುಗಿಗಾಗಿ ಜಗತ್ತು ಕಣ್ಣೀರಿಟ್ಟಿತು. ಕಡ್ಡಿ ಮಾಡುವ ಹುಡುಗಿಯರ ಮೇಲೆ ಅಂಥ ಕಥೆಯನ್ನು ಯಾರೂ ಬರೆಯಲಿಲ್ಲವೋ, ಬರೆದರೂ ಅದು ಉಳಿಯಲಿಲ್ಲವೋ.

ನಮ್ಮನ್ನು ಹೆಚ್ಚು ಕಾಡುವ ಸಂಗತಿ ಇದರ ಮುಂದಿನದು. ಪರಿಹಾರ ಆಗಲೇ ಸಿದ್ಧವಿತ್ತು. 1840ರ ದಶಕದಲ್ಲಿಯೇ ವಿಯೆನ್ನಾದ ಆಂಟನ್ ಶ್ರೋಟರ್ ಬಿಳಿ ರಂಜಕವನ್ನು ಗಾಳಿಯಿಲ್ಲದ ಪಾತ್ರೆಯಲ್ಲಿ ಕಾಯಿಸಿ ಕೆಂಪು ರಂಜಕವನ್ನು ಪಡೆದಿದ್ದ. ಇದು ವಿಷವಲ್ಲ, ತಾನಾಗಿ ಹೊತ್ತಿಕೊಳ್ಳುವುದೂ ಇಲ್ಲ. ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ 1844ರಲ್ಲಿ ಇನ್ನೊಂದು ಜಾಣ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಬೆಂಕಿಗೆ ಬೇಕಾದ ವಸ್ತುಗಳನ್ನು ಒಂದೆಡೆ ಇಡದೆ ಬೇರ್ಪಡಿಸುವುದೇ ಆ ಉಪಾಯ. ಕಡ್ಡಿಯ ತಲೆಯಲ್ಲಿ ಆಮ್ಲಜನಕ ಕೊಡುವ ಕ್ಲೋರೇಟ್, ಪೊಟ್ಟಣದ ಬದಿಯಲ್ಲಿ ರಂಜಕ. ಇವೆರಡೂ ಉಜ್ಜಿಕೊಂಡಾಗ ಮಾತ್ರ ಬದಿಯ ರಂಜಕದ ಒಂದು ಕಣ ಬಿಸಿಯಾಗಿ ಹೊತ್ತಿಕೊಂಡು, ಆ ಉರಿ ಕಡ್ಡಿಯ ತಲೆಗೆ ದಾಟುತ್ತದೆ. ಇಂದಿಗೂ ನಮ್ಮ ದೇವರ ಗೂಡಿನ ಪೊಟ್ಟಣ ಕೆಲಸ ಮಾಡುವುದು ಹೀಗೆಯೇ. ಅದರ ಬದಿಯ ಕಂದುಬಣ್ಣ ಕೆಂಪು ರಂಜಕ ಮತ್ತು ಗಾಜಿನ ಪುಡಿಯದ್ದು. ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನ ಲುಂಡ್‌ಸ್ಟ್ರಾಮ್ ಸಹೋದರರು ಇದನ್ನು ಕಾರ್ಖಾನೆಯ ಮಟ್ಟಕ್ಕೆ ತಂದು 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕ ಪಡೆದರು. ಅದೇ ವರ್ಷ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಂಪನಿ ಬ್ರಿಟನ್ನಿನ ಮಟ್ಟಿಗೆ ಅದರ ಹಕ್ಕನ್ನು ಕೊಂಡಿತು.

ಅಂದರೆ 1855ರ ಹೊತ್ತಿಗೆ ದವಡೆ ಕೊಳೆಸದ ಬೆಂಕಿಕಡ್ಡಿ ಲಂಡನ್ನಿನಲ್ಲಿಯೇ ಲಭ್ಯವಿತ್ತು. ಆದರೆ ಅದರ ಬೆಲೆ ತುಸು ಹೆಚ್ಚು. ಪೊಟ್ಟಣದ ಬದಿಗೇ ಉಜ್ಜಬೇಕೆಂಬ ನಿರ್ಬಂಧ ಬೇರೆ. ಗಿರಾಕಿಗಳು ಎಲ್ಲಿ ಬೇಕಾದರೂ ಗೀರಬಹುದಾದ ಅಗ್ಗದ ಕಡ್ಡಿಯನ್ನೇ ಕೇಳಿದರು, ಕಂಪನಿಗಳು ಅದನ್ನೇ ಮಾಡಿದವು. ಮುಂದಿನ ಸುಮಾರು ಅರ್ಧ ಶತಮಾನ ಹೀಗೆಯೇ ಕಳೆಯಿತು. ಒಂದು ಆವಿಷ್ಕಾರ ಆದೊಡನೆ ಹಳೆಯ ಸಂಕಟ ತೀರುತ್ತದೆ ಎಂದು ಶಾಲೆಯ ಪಾಠಗಳು ಹೇಳುತ್ತವೆ. ಬೆಂಕಿಕಡ್ಡಿಯ ಮಟ್ಟಿಗಂತೂ ಆ ಪಾಠ ಸುಳ್ಳು.

1888ರ ಜೂನ್ 23ರಂದು ‘ದಿ ಲಿಂಕ್’ ಎಂಬ ಪತ್ರಿಕೆಯಲ್ಲಿ ಲಂಡನ್ನಿನ ಬಿಳಿಯ ಗುಲಾಮಗಿರಿ ಎಂಬ ಅರ್ಥದ ಶೀರ್ಷಿಕೆಯ ಲೇಖನವೊಂದು ಬಂತು. ಬರೆದವರು ಆನಿ ಬೆಸೆಂಟ್. ಮುಂದೆ ಚೆನ್ನೈನ ಅಡ್ಯಾರಿನಲ್ಲಿ ನೆಲೆಸಿ, ಹೋಂ ರೂಲ್ ಚಳವಳಿ ನಡೆಸಿ, 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದ ಅದೇ ಬೆಸೆಂಟ್. ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹುಡುಗಿಯರ ಅಲ್ಪ ಕೂಲಿ, ಮಾತಾಡಿದ್ದಕ್ಕೆ, ಕಾಲು ಕೊಳೆಯಾಗಿದ್ದಕ್ಕೆ ವಿಧಿಸುತ್ತಿದ್ದ ದಂಡ, ಇನ್ನೊಂದೆಡೆ ಷೇರುದಾರರಿಗೆ ಸಿಗುತ್ತಿದ್ದ ಭಾರಿ ಲಾಭಾಂಶ, ಎಲ್ಲವನ್ನೂ ಅವರು ಬಯಲಿಗಿಟ್ಟರು. ಇದೆಲ್ಲ ಸುಳ್ಳೆಂದು ಸಹಿ ಮಾಡಿಕೊಡುವಂತೆ ಕಂಪನಿ ಕೆಲಸಗಾರರನ್ನು ಒತ್ತಾಯಿಸಿತು. ಅವರು ಒಪ್ಪಲಿಲ್ಲ. ಜುಲೈ ಆರಂಭದಲ್ಲಿ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಬೀದಿಗೆ ಬಂದರು. ಎರಡು ವಾರಗಳಲ್ಲಿ ಗೆದ್ದರು. ದಂಡಗಳು ರದ್ದಾದವು, ಊಟಕ್ಕೆ ಬೇರೆ ಕೋಣೆ ಬಂತು, ಒಂದು ಸಂಘವೂ ಹುಟ್ಟಿತು.

ಈ ಮುಷ್ಕರವನ್ನು ಬೆಸೆಂಟರ ಸಾಧನೆಯೆಂದು ಬಹುಕಾಲ ಬರೆಯಲಾಯಿತು. ಲೂಯಿಸ್ ರಾ ಎಂಬ ಇತಿಹಾಸಕಾರ್ತಿ ಇತ್ತೀಚೆಗೆ ಅದನ್ನು ಪ್ರಶ್ನಿಸಿ, ಮುಷ್ಕರ ಹೂಡಿದವರೂ ನಡೆಸಿದವರೂ ಆ ಹೆಣ್ಣುಮಕ್ಕಳೇ ಎಂದು ವಾದಿಸಿದ್ದಾರೆ. ಆ ವಾದ ನಮಗೆ ಒಪ್ಪಿಗೆಯಾಗುತ್ತದೆ. ಓದುಬಲ್ಲವರೊಬ್ಬರ ಹೆಸರು ಸಿಕ್ಕಿದರೆ ಸಾಕು, ನೂರಾರು ಅನಾಮಿಕರ ಧೈರ್ಯವನ್ನೆಲ್ಲ ಅವರ ಖಾತೆಗೆ ಜಮಾ ಮಾಡುವುದು ಚರಿತ್ರೆ ಬರೆಯುವವರ ಹಳೆಯ ಚಾಳಿ.

ಮುಷ್ಕರ ಗೆದ್ದಿತು, ಬಿಳಿ ರಂಜಕ ಮಾತ್ರ ಹೋಗಲಿಲ್ಲ. 1891ರಲ್ಲಿ ಸಾಲ್ವೇಶನ್ ಆರ್ಮಿ ಲಂಡನ್ನಿನಲ್ಲಿ ಕೆಂಪು ರಂಜಕದ್ದೇ ಒಂದು ಕಾರ್ಖಾನೆ ತೆರೆದು ಹೆಚ್ಚು ಕೂಲಿ ಕೊಟ್ಟು ನೋಡಿತು. 1898ರಲ್ಲಿ ಬ್ರಯಂಟ್ ಅಂಡ್ ಮೇ ತನ್ನಲ್ಲಿನ ದವಡೆ ರೋಗದ ಪ್ರಕರಣಗಳನ್ನು ಮುಚ್ಚಿಟ್ಟದ್ದು ಸಾಬೀತಾಯಿತು. ಸತ್ತವರೂ ಅದರಲ್ಲಿದ್ದರು. ನ್ಯಾಯಾಲಯ ವಿಧಿಸಿದ ದಂಡ ಸುಮಾರು 25 ಪೌಂಡು. ಅದೇ ವರ್ಷ ಫ್ರಾನ್ಸಿನ ಸೆವೆನ್ ಮತ್ತು ಕಾಹೆನ್, ಎಲ್ಲಿ ಉಜ್ಜಿದರೂ ಹೊತ್ತುವ, ಆದರೆ ವಿಷವಲ್ಲದ ರಂಜಕದ ಸಂಯುಕ್ತವೊಂದನ್ನು ಕಡ್ಡಿಗೆ ಅಳವಡಿಸಿದರು. ಇನ್ನು ನೆಪ ಉಳಿಯಲಿಲ್ಲ. 1906ರ ಬರ್ನ್ ಒಪ್ಪಂದದಲ್ಲಿ ಹಲವು ದೇಶಗಳು ಬಿಳಿ ರಂಜಕದ ಕಡ್ಡಿಯನ್ನು ನಿಷೇಧಿಸಲು ಒಪ್ಪಿದವು. ಫಿನ್ಲೆಂಡ್ 1872ರಲ್ಲಿಯೇ ಆ ಕೆಲಸ ಮಾಡಿತ್ತು ಎಂಬುದನ್ನು ನೆನೆದರೆ, ಉಳಿದವರು ಕಳೆದ ಮೂವತ್ತನಾಲ್ಕು ವರ್ಷಗಳಿಗೆ ಏನು ಸಮಜಾಯಿಷಿ ಕೊಡುತ್ತಾರೋ ತಿಳಿಯದು. ಭಾರತದಲ್ಲಿ ಈ ನಿಷೇಧದ ಕಾಯಿದೆ ಬಂದದ್ದು 1913ರಲ್ಲಿ.

ಆ ಹೊತ್ತಿಗೆ ನಮ್ಮ ದೇಶಕ್ಕೆ ಪೊಟ್ಟಣಗಳು ಸ್ವೀಡನ್, ಆಸ್ಟ್ರಿಯಾ, ಜಪಾನುಗಳಿಂದ ಹಡಗುಗಟ್ಟಲೆ ಬರುತ್ತಿದ್ದವು. ನಮ್ಮ ಗಿರಾಕಿಗಳನ್ನು ಒಲಿಸಲು ವಿದೇಶಿ ಕಂಪನಿಗಳು ಚೀಟಿಯ ಮೇಲೆ ನಮ್ಮ ದೇವರುಗಳನ್ನೇ ಅಚ್ಚು ಹಾಕಿಸುತ್ತಿದ್ದವು. ಸ್ವದೇಶಿ ಬೆಂಕಿಕಡ್ಡಿಯ ಮೊದಲ ಯತ್ನಗಳನ್ನು ರವೀಂದ್ರನಾಥ ಠಾಕೂರರು ತಮ್ಮ ‘ಜೀವನಸ್ಮೃತಿ’ಯಲ್ಲಿ ನಗುತ್ತ ನೆನೆದಿದ್ದಾರೆ: ಒಂದು ಪೊಟ್ಟಣಕ್ಕೆ ತಗಲಿದ ಖರ್ಚಿನಲ್ಲಿ ಇಡೀ ಹಳ್ಳಿಯ ಒಲೆಗಳು ವರ್ಷವಿಡೀ ಉರಿಯಬಹುದಿತ್ತಂತೆ, ಹತ್ತಿರದಲ್ಲಿ ಬೇರೊಂದು ದೀಪ ಉರಿಯುತ್ತಿರದಿದ್ದರೆ ಆ ಕಡ್ಡಿ ಹೊತ್ತುತ್ತಲೂ ಇರಲಿಲ್ಲವಂತೆ.

1922ರಲ್ಲಿ ಸರಕಾರ ಆಮದು ಸುಂಕವನ್ನು ಗ್ರೋಸಿಗೆ, ಅಂದರೆ 144 ಪೊಟ್ಟಣಗಳಿಗೆ, ಒಂದೂವರೆ ರೂಪಾಯಿಗೆ ಏರಿಸಿತು. ಇದಕ್ಕೆ ಎರಡು ಉತ್ತರಗಳು ಬಂದವು. ಮೊದಲನೆಯದು ಸ್ವೀಡನ್ನಿನದು. ಸುಂಕದ ಗೋಡೆಯ ಹೊರಗೆ ನಿಲ್ಲುವ ಬದಲು ಅವರು ಒಳಗೇ ಬಂದರು. 1923ರಲ್ಲಿ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿ, ಅಂದರೆ ವಿಮ್ಕೊ, ಸ್ಥಾಪನೆಯಾಯಿತು; ಅಂಬರ್‌ನಾಥ್, ಕಲಕತ್ತಾ, ಮದರಾಸು, ಬರೇಲಿಗಳಲ್ಲಿ ಕಾರ್ಖಾನೆಗಳೆದ್ದವು. ಅದರ ಹಿಂದಿದ್ದ ಉದ್ಯಮಿ ಈವಾರ್ ಕ್ರೂಗರ್ ಸರಕಾರಗಳಿಗೇ ಸಾಲ ಕೊಟ್ಟು ಬದಲಿಗೆ ಬೆಂಕಿಕಡ್ಡಿಯ ಏಕಸ್ವಾಮ್ಯ ಬರೆಸಿಕೊಳ್ಳುತ್ತಿದ್ದ ಮಹಾಶಯ. 1932ರಲ್ಲಿ ಪ್ಯಾರಿಸ್ಸಿನಲ್ಲಿ ಗುಂಡು ತಗಲಿ ಸತ್ತ. ಆಮೇಲೆ ನೋಡಿದರೆ ಅವನ ಲೆಕ್ಕಪತ್ರಗಳ ದೊಡ್ಡ ಭಾಗವೇ ಪೊಳ್ಳು. ಮುಂಬಯಿಯ ಲೋಕಲ್ ರೈಲಿನಲ್ಲಿ ಅಂಬರ್‌ನಾಥ್ ದಾಟುವ ನಮ್ಮವರಿಗೂ, ಚೆನ್ನೈನ ತಿರುವೊತ್ತಿಯೂರಿನಲ್ಲಿ ವಿಮ್ಕೊ ನಗರ ಎಂಬ ಮೆಟ್ರೊ ನಿಲ್ದಾಣದಲ್ಲಿ ಇಳಿಯುವ ನಮ್ಮವರಿಗೂ ಈ ಚರಿತ್ರೆ ಅಷ್ಟೇನೂ ದೂರದ್ದಲ್ಲ.

ಎರಡನೆಯ ಉತ್ತರ ತಮಿಳುನಾಡಿನ ಒಣನೆಲದಿಂದ ಬಂತು. ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಎಂಬ ಇಬ್ಬರು ತರುಣರು 1922ರಲ್ಲಿ ಕಲಕತ್ತೆಗೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದರು. ಮಳೆ ಕಡಿಮೆ, ಬಿಸಿಲು ಹೆಚ್ಚು, ಬೇಸಾಯ ಕೈಹಿಡಿಯದು. ಕಡ್ಡಿ ಒಣಗಲು ಇದಕ್ಕಿಂತ ಒಳ್ಳೆಯ ಊರಿಲ್ಲ, ದುಡಿಯುವ ಕೈಗಳಿಗೂ ಕೊರತೆಯಿಲ್ಲ. ಯಂತ್ರದ ಕೆಲಸವನ್ನು ಕೈಗೆ ಹಂಚಿದರು. ಕಡ್ಡಿಯನ್ನು ಚೌಕಟ್ಟಿಗೆ ಜೋಡಿಸುವುದು, ಮದ್ದಿನಲ್ಲಿ ಅದ್ದುವುದು, ಪೊಟ್ಟಣ ಅಂಟಿಸುವುದು, ತುಂಬುವುದು, ಚೀಟಿ ಹಚ್ಚುವುದು. ಸ್ವಾತಂತ್ರ್ಯದ ಬಳಿಕ ಕೈಕೆಲಸದ ಘಟಕಗಳಿಗೆ ಉತ್ಪಾದನಾ ಸುಂಕದಲ್ಲಿ ರಿಯಾಯಿತಿಯೂ ಸಿಕ್ಕಿತು. ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿಗಳು ದೇಶದ ಒಲೆ ಹೊತ್ತಿಸತೊಡಗಿದವು. ದೊಡ್ಡ ವಿದೇಶಿ ಕಂಪನಿಗೆ ಎದುರಾಗಿ ಸಣ್ಣ ಊರು ನಿಂತ ಈ ಸಾಹಸವನ್ನು ಮೆಚ್ಚದಿರಲು ಸಾಧ್ಯವಿಲ್ಲ.

ಮೆಚ್ಚುವಾಗಲೇ ಅದರ ಇನ್ನೊಂದು ಬದಿಯನ್ನೂ ನೋಡಬೇಕು. ಚೌಕಟ್ಟಿಗೆ ಕಡ್ಡಿ ಜೋಡಿಸಲು ಸಣ್ಣ ಬೆರಳುಗಳೇ ಚುರುಕು ಎಂಬ ಮಾತು ಅಲ್ಲಿ ಹುಟ್ಟಿತು. ಸೂರ್ಯ ಹುಟ್ಟುವ ಮೊದಲೇ ಕಾರ್ಖಾನೆಯ ಬಸ್ಸುಗಳು ಹಳ್ಳಿಹಳ್ಳಿಗೆ ಹೋಗಿ ಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದವು. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕೂಲಿ ದಿನಕ್ಕಲ್ಲ, ಮಾಡಿದ ಲೆಕ್ಕಕ್ಕೆ. 1986ರ ಬಾಲಕಾರ್ಮಿಕ ಕಾಯಿದೆ ಬೆಂಕಿಕಡ್ಡಿ ತಯಾರಿಕೆಯನ್ನು ಮಕ್ಕಳಿಗೆ ನಿಷಿದ್ಧ ಉದ್ಯೋಗಗಳ ಪಟ್ಟಿಗೆ ಸೇರಿಸಿತು. ಶಿವಕಾಶಿಯ ಮಕ್ಕಳ ಪರವಾಗಿ ವಕೀಲ ಎಂ. ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 10ರಂದು ತೀರ್ಪು ಕೊಟ್ಟು, ಕಾಯಿದೆ ಮೀರಿ ದುಡಿಸಿಕೊಂಡ ಪ್ರತಿ ಮಗುವಿಗೆ ಮಾಲೀಕ 20,000 ರೂಪಾಯಿ ಕಟ್ಟಬೇಕೆಂದು, ಆ ಹಣ ಮಗುವಿನ ಕ್ಷೇಮನಿಧಿಗೆ ಹೋಗಬೇಕೆಂದು ಆದೇಶಿಸಿತು. ಬಳಿಕ ಶಾಲೆಗಳ ಬಿಸಿಯೂಟ, ತಪಾಸಣೆ, ಯಂತ್ರಗಳ ಬರವು, ಎಲ್ಲ ಸೇರಿ ಪರಿಸ್ಥಿತಿ ಬಹುಮಟ್ಟಿಗೆ ಬದಲಾಯಿತು. ಆದರೆ ಲಂಡನ್ನಿನ ಹುಡುಗಿಯರಿಗೂ ಸಾತ್ತೂರಿನ ಹುಡುಗಿಯರಿಗೂ ನಡುವೆ ಒಂದು ಶತಮಾನವಿತ್ತು ಎಂಬುದನ್ನು ಮರೆಯುವಂತಿಲ್ಲ. ಎರಡೂ ಕಡೆ ಅಗ್ಗದ ಕಡ್ಡಿಯ ಅಗ್ಗ ಬಂದದ್ದು ಒಂದೇ ಜಾಗದಿಂದ.

ನಾವು ಹೊರನಾಡಿಗರು ಈ ಪುಟ್ಟ ಪೆಟ್ಟಿಗೆಯನ್ನು ಎಷ್ಟು ಹೆಸರುಗಳಿಂದ ಕೇಳಿ ಕೊಂಡಿಲ್ಲ! ಊರಿನಲ್ಲಿ ಬೆಂಕಿಪೊಟ್ಟಣ, ಕಡ್ಡಿಪೆಟ್ಟಿಗೆ. ಪುಣೆಯಲ್ಲಿ ಕಾಡೇಪೇಟಿ, ಹೈದರಾಬಾದಿನಲ್ಲಿ ಅಗ್ಗಿಪೆಟ್ಟೆ, ಚೆನ್ನೈನಲ್ಲಿ ತೀಪ್ಪೆಟ್ಟಿ, ದೆಹಲಿಯಲ್ಲಿ ಮಾಚಿಸ್. ಅಂಗಡಿಯವನು ಕೊಡುವ ಪೊಟ್ಟಣ ಮಾತ್ರ ಹೆಚ್ಚಾಗಿ ಆ ಒಂದೇ ಒಣನೆಲದ್ದು. 2007ರಲ್ಲಿ ಐವತ್ತು ಪೈಸೆಯಿಂದ ಒಂದು ರೂಪಾಯಿಗೆ ಏರಿದ ಅದರ ಬೆಲೆ ಮುಂದಿನ ಹದಿನಾಲ್ಕು ವರ್ಷ ಕದಲಲಿಲ್ಲ. ರಂಜಕ, ಮೇಣ, ಕಾಗದ ಎಲ್ಲದರ ದರ ಏರಿದ ಮೇಲೆ 2021ರ ಡಿಸೆಂಬರ್ 1ರಿಂದ ಎರಡು ರೂಪಾಯಿಯಾಯಿತು. ಕಡ್ಡಿಗಳ ಸಂಖ್ಯೆಯನ್ನೂ 36ರಿಂದ 50ಕ್ಕೆ ಏರಿಸುವುದಾಗಿ ತಯಾರಕರು ಹೇಳಿದರು. ಗ್ಯಾಸ್ ಲೈಟರ್ ಬಂದ ಅಡಿಗೆಮನೆಯಲ್ಲಿ ಈಗ ಅದಕ್ಕೆ ಕೆಲಸ ಕಡಿಮೆ. ದೀಪ, ಊದುಬತ್ತಿ, ಕರೆಂಟು ಹೋದಾಗಿನ ಮೇಣದಬತ್ತಿ, ಇಷ್ಟೇ. ಪೊಟ್ಟಣವೊಂದು ತಿಂಗಳುಗಟ್ಟಲೆ ಬರುತ್ತದೆ. ಮಳೆಗಾಲದ ಮುಂಬಯಿಯಲ್ಲಂತೂ ಕಡ್ಡಿ ಮುಗಿಯುವ ಮೊದಲೇ ಪೊಟ್ಟಣದ ಬದಿ ನಮೆದು ಸವೆದುಹೋಗಿರುತ್ತದೆ.