ಹಳೇ ಲ್ಯಾಪ್‌ಟಾಪು, ಕಂತಿನ ಕಂಪ್ಯೂಟರು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಸಿಗುತ್ತವೆ. ನಮ್ಮ ಆಲೂರು, ಸಕಲೇಶಪುರ ಕಡೆಯ ಕಾಲೇಜು ಮಕ್ಕಳ ಕೈಗೆ ಬರುವುದೂ ಹೆಚ್ಚಾಗಿ ಅಂಥವೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹಳೇ ಪ್ರೊಸೆಸರ್ ಇದ್ದರೆ ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾದರೆ ಕೊಟ್ಟ ದುಡ್ಡು ನೀರಿಗೆ ಹೋಯಿತೇ?

ಇಲ್ಲ, ಲಿನಕ್ಸ್ ಇದೆ. ಅದು ಹುಟ್ಟಿದ್ದೂ ಸಾಲದ ಕಂಪ್ಯೂಟರಿನಲ್ಲೇ. 1991ರ ಜನವರಿಯಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಕಂತಿನ ಮೇಲೆ ಒಂದು 386 ಯಂತ್ರ ತಂದ. ಆಗಸ್ಟ್ ಹೊತ್ತಿಗೆ, ಹವ್ಯಾಸಕ್ಕೆಂದು ಬರೆಯುತ್ತಿದ್ದೇನೆ ಎಂದು ಜಗತ್ತಿಗೆ ತಿಳಿಸಿದ. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಗ್ನೂ ವ್ಯವಸ್ಥೆಯನ್ನು ಘೋಷಿಸಿದ್ದರು. ಎರಡೂ ಸೇರಿದ್ದನ್ನೇ ನಾವಿಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದು.

ಕರ್ನಾಟಕಕ್ಕೆ ಇದು ಹೊಸದಲ್ಲ. 2001ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಹಳ್ಳಿಯವರಿಗೆಂದು ಸಿಂಪ್ಯೂಟರ್ ಎಂಬ ಕೈಗಣಕ ಮಾಡಿದರು. ಒಳಗೆ ಲಿನಕ್ಸ್. 2004ರಲ್ಲಿ ಮಾರುಕಟ್ಟೆಗೂ ಬಂತು, ಬೆಲೆ ಸುಮಾರು ಹತ್ತು ಸಾವಿರ. ಓಡಲಿಲ್ಲ. ನನ್ನ ಲೆಕ್ಕದಲ್ಲಿ, ಆಗ ಅಷ್ಟು ದುಡ್ಡು ಕೂಲಿಯವನಿಗೆ ಎಲ್ಲಿಂದ ಬರಬೇಕು?

ಗೆದ್ದದ್ದು ಪಕ್ಕದ ಕಾಸರಗೋಡಿನಲ್ಲಿ. ಕೇರಳದ ಐಟಿ@ಸ್ಕೂಲ್ ಯೋಜನೆ (2017ರಿಂದ ಕೈಟ್) ಶಾಲೆಗಳ ಕಂಪ್ಯೂಟರುಗಳನ್ನು ಲಿನಕ್ಸಿಗೆ ಬದಲಿಸಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಪಠ್ಯಪುಸ್ತಕ ಓದಿಯೇ ಇದನ್ನು ಕಲಿಯುತ್ತಾರೆ. ಅವರಿಗೆ ಸಾಧ್ಯವಾದದ್ದು ನಮ್ಮ ಶಾಲೆಗಳಲ್ಲಿ ಯಾಕಾಗಲಿಲ್ಲ ಎಂದು ಕೇಳಬೇಕಾದವರು ನಾವೇ.

ಕನ್ನಡ ಟೈಪಿಂಗ್ ಬಗ್ಗೆ ಹೆದರಬೇಡಿ. ಯೂನಿಕೋಡ್‌ನ ಮೊದಲ ಆವೃತ್ತಿಗೆ ಕನ್ನಡ ಸೇರಿದ್ದೂ 1991ರಲ್ಲೇ. ನುಡಿಯಲ್ಲಿ ಕಲಿತ ಕೆಜಿಪಿ ಕೀಲಿಮಣೆ ಇಲ್ಲೂ ಸಿಗುತ್ತದೆ. ತೊಂದರೆ ಇರುವುದು ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳದ್ದು. ನನ್ನ ಹಳೇ ವರದಿಗಳು ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗುಡ್ಡೆಯಾಗಿದ್ದವು. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಜೀವ ಬಂತು.

ಕೊಳ್ಳುವಾಗ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದೆಯೇ ನೋಡಿ. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ವೈಫೈ, ಸ್ಪೀಕರ್, ಕ್ಯಾಮೆರಾ ಅಂಗಡಿಯಲ್ಲೇ ಪರೀಕ್ಷಿಸಿ. ಚಾರ್ಜರ್ ಕಿತ್ತು ಅರ್ಧ ಗಂಟೆ ಕಾಯಿರಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ಲ, ಬ್ಯಾಟರಿ ಸತ್ತದ್ದಾದರೆ ಬೆಲೆ ಇಳಿಸಿ ಎನ್ನಿ.